ಕೊಟ್ಟಿಗೆಯ ದೊರೆಸಾನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯ ಕಾರನ್ನು ಮೊಟ್ಟಮೊದಲು ಚಾಲೂ ಮಾಡಿದವನು ನಾನು, ಅದೂ ಬಾಯಿಯಿಂದ. ಮೂಗಿನ ಕೆಳಗೆ ಬಂದದ್ದು ಮೀಸೆಯೋ ಕೊಳೆಯೋ ಎಂದು ಅವ್ವ ಸೆರಗಿನಿಂದ ಒರೆಸಿ ನೋಡುತ್ತಿದ್ದ ವಯಸ್ಸಿನಲ್ಲಿ, ಐದಾರು ಉಸಿರಿನ ಮಟ್ಟಿಗೆ ನಾನೇ ಒಂದು ವಿಲಾಯತಿ ಎಂಜಿನ್ ಆಗಿದ್ದೆ. ಅದನ್ನು ಖರೆ ಎಂದು ನಂಬಿ ನಮ್ಮಪ್ಪ ನೆಲಕ್ಕೆ ಕೂತು ಅತ್ತ. ಅವನು ಅತ್ತದ್ದು ನೋಡಿ ನನ್ನ ಬಾಯಿ ಬಿದ್ದುಹೋಯಿತು. ಅದು ಬಿದ್ದುಹೋದದ್ದಕ್ಕೆ ಇಬ್ಬರು ದೊಡ್ಡ ಮನುಷ್ಯರು ಎರಡು ತಿಂಗಳು, ಕೆಟ್ಟೇ ಇರದ ಸಾಮಾನನ್ನು ಬಿಚ್ಚಿ ತೊಳೆದು, ತೊಳೆದು ಜೋಡಿಸಿ, ಮತ್ತೆ ಬಿಚ್ಚಿದರು. ಈ ಕಥೆಯಲ್ಲಿ ದಡ್ಡ ಯಾರು ಎಂದು ಹುಡುಕುವ ತ್ರಾಸು ಓದುವವರಿಗೆ ಬೇಡ. ಅವನು ನಾನು.

ರಾಯಚೂರಿನ ಹಳೆಯ ಓಣಿಯೊಂದರಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಗೋಡೆ ಎಷ್ಟು ದಪ್ಪವೆಂದರೆ ಬೇಸಿಗೆಯಲ್ಲಿ ಕಿಟಕಿಯ ಕಟ್ಟೆಯ ಮೇಲೆಯೇ ಕಾಲು ಚಾಚಿ ಮಲಗಬಹುದಿತ್ತು. ಬಾಗಿಲು ದಾಟಿದರೆ ಎಡಕ್ಕೆ ದನದ ಕೊಟ್ಟಿಗೆ, ಎದುರಿಗೆ ಒಂದು ಮೊಳ ಎತ್ತರದ ಪಡಸಾಲೆ, ಅದರ ಹಿಂದೆ ಹೊಗೆಗೆ ಕಪ್ಪಾದ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲೇ ದೇವರ ಜಗಲಿ. ಕೊಟ್ಟಿಗೆಗೆ ಓಣಿಯ ಕಡೆಗೆ ಬಂಡಿ ಒಳಬರುವಷ್ಟು ಅಗಲದ ಬೇರೊಂದು ಬಾಗಿಲಿತ್ತು. ಒಳಗೆ ಗೋದಲಿ ಇತ್ತು, ಗೂಟವಿತ್ತು, ದನ ಮಾತ್ರ ಇರಲಿಲ್ಲ. ಅಪ್ಪನ ಕಡೆಯವರು ದೇವದುರ್ಗದ ಆಚೆ ಕುರಿ ಕಾಯುವವರು. ಅಪ್ಪ ಕುರಿ ಬಿಟ್ಟು ಹತ್ತಿ ಹಿಡಿದ. ಹತ್ತಿ ಬೀಜ ಬಿಡಿಸುವ ಜಿನ್ನಿನಲ್ಲಿ ತೂಕದ ಗುಮಾಸ್ತನಾದ. ಅಲ್ಲಿಯ ಯಂತ್ರಗಳ ಗದ್ದಲಕ್ಕೆ ಅವನ ಬಲಗಿವಿ ಪೂರಾ ಹೋಗಿ, ಎಡಗಿವಿ ಅರ್ಧ ಉಳಿದಿತ್ತು. ಅವ್ವ ಇದನ್ನು ಬಹಳ ಚಂದ ಬಳಸುತ್ತಿದ್ದಳು. ಕೆಲಸ ಹೇಳುವುದಿದ್ದರೆ ಎಡಕ್ಕೆ ನಿಲ್ಲುತ್ತಿದ್ದಳು, ಬೈಯುವುದಿದ್ದರೆ ಬಲಕ್ಕೆ. ಜಗಳವಾಡಿದ ಸಮಾಧಾನವೂ ಆಗುತ್ತಿತ್ತು, ಜಗಳವೂ ಆಗುತ್ತಿರಲಿಲ್ಲ.

ನನಗೆ ಆ ದಿನಗಳಲ್ಲಿ ಸ್ವಂತ ದನಿ ಎಂಬುದಿರಲಿಲ್ಲ. ಗಂಟಲು ಒಡೆಯುವ ವಯಸ್ಸು. ಒಂದು ಮಾತು ಪೀಪಿಯಂತೆ ಹೊರಟರೆ ಮುಂದಿನದು ಕೋಣ ಕೆಮ್ಮಿದಂತೆ. ಹಾಗಾಗಿ ಮಂದಿಯ ದನಿಯನ್ನೇ ತಂದು ಕೆಲಸ ನಡೆಸುತ್ತಿದ್ದೆ. ನಶ್ಯ ಏರಿಸಿ ಮೂಗಿನಲ್ಲೇ ಇತಿಹಾಸ ಹೇಳುವ ಹೆಡ್‌ಮಾಸ್ತರರು, ಆಶೀರ್ವಾದ ಮಾಡುವಾಗಲೂ ಆಕಳಿಸುವ ಮಠದ ಅಯ್ಯನವರು, ಬಾಡಿಗೆಯ ಸೈಕಲ್ಲಿನ ಗಂಟೆ, ಈಯಲು ಬಂದ ಮೇಕೆ, ಎಲ್ಲವೂ ನನ್ನ ಗಂಟಲಲ್ಲಿದ್ದವು. ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಗಿಲ್ಲೆಸುಗೂರಿನ ಬಸ್ಸಿನ ಹಿಂದೆ ನಿಂತು ಕಂಡಕ್ಟರನ ದನಿಯಲ್ಲಿ "ರೈಟ್, ರೈಟ್" ಅಂದೆ. ಬಸ್ಸು ಹೊರಟೇಹೋಯಿತು. ಕಂಡಕ್ಟರ್ ಹೋಟೆಲಿನೊಳಗಿಂದ ಅರ್ಧ ಮಿರ್ಚಿ ಬಾಯಲ್ಲಿ ಹಿಡಿದುಕೊಂಡು ಅದರ ಹಿಂದೆ ಓಡಿದ. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆಯದೆ ಅದೇ ಕೈಯಿಂದ ನನ್ನ ಬೆನ್ನನ್ನೂ ಬಡಿದಳು. ಎರಡು ದಿನ ಬೆನ್ನ ಮೇಲೆ ಜೋಳದ ಹಿಟ್ಟಿತ್ತು.

ಇನ್ನು ಕಾರಿನ ಮಾತು. ಅದು ದೇವದುರ್ಗದಿಂದ ಎರಡು ಎತ್ತಿನ ಹಿಂದೆ ಬಂತು. ಅಲ್ಲಿ ಹಿಂದೊಮ್ಮೆ ಒಬ್ಬ ಡಾಕ್ಟರರಿದ್ದರು. ಅವರು ತೀರಿಕೊಂಡ ಮೇಲೆ ಅವರ ಕಾರು ಹಿತ್ತಲಿನಲ್ಲಿ ಹತ್ತು ವರ್ಷ ನಿಂತು, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು. ಅಲ್ಲಿಯ ಮಠದ ದಾಸೋಹಕ್ಕೆಂದು ವರ್ಷಕ್ಕೊಮ್ಮೆ ಹೋಗುತ್ತಿದ್ದ ಅಪ್ಪ ಪ್ರತಿ ಸಲ ಆ ಹಿತ್ತಲಿಗೆ ಇಣುಕಿ, ಕಾರಿನ ಮೂಗು ಸವರಿ ಬರುತ್ತಿದ್ದ. ಕೊನೆಗೆ ಡಾಕ್ಟರರ ಹೆಂಡತಿ, "ತಗೊಂಡು ಹೋಗ್ರಪ್ಪಾ, ಕೋಳಿ ಬೇರೆ ಕಡೆ ಮಲಗ್ತಾವ" ಅಂದುಬಿಟ್ಟರು. ಗಬ್ಬೂರಿನ ದಾರಿ ಹಿಡಿದು ಎರಡೂವರೆ ದಿನ ಎತ್ತು ಎಳೆದವು. ಅಪ್ಪ ಒಳಗೆ ಕೂತು ಚಕ್ರ ತಿರುಗಿಸುತ್ತ ರಾಯಚೂರಿಗೆ ದೊರೆಯಂತೆ ಬಂದ. ಇಂಗ್ಲೆಂಡಿನಲ್ಲಿ ಹುಟ್ಟಿದ ಕಾರು, ಹೆಸರು ಮೈನರ್ ಅಂತೆ. ಗುಂಡನೆಯ ಬೆನ್ನು, ಗುಂಡನೆಯ ಕಣ್ಣು, ನಡುವೆ ಸೀಳಿದ ಎರಡು ತುಂಡು ಮುಂಗಾಜು. ಎಡಕ್ಕೆ ಬಲಕ್ಕೆ ತಿರುಗುವಾಗ ಬಾಗಿಲ ಪಕ್ಕದ ಕಂಬದಿಂದ ಒಂದು ಪುಟ್ಟ ಕೈ ಹೊರಗೆ ಬಂದು ದಾರಿ ತೋರಿಸುತ್ತಿತ್ತಂತೆ. ಈಗ ಆ ಕೈಗೆ ಲಕ್ವ ಹೊಡೆದಿತ್ತು. ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕಾರನ್ನು ಒಂದು ಸುತ್ತು ಹಾಕಿ ನೋಡಿದಳು.

"ಯಾರ್‍ರೀ ಈಕಿ?"

"ಈಕಿ ಅಲ್ಲ, ಗಾಡಿ," ಅಂದ ಅಪ್ಪ.

"ನೀವು ಕೈ ಹಿಡಿದು ಒಳಗ ಕರಕೊಂಡು ಬರೂದು ನೋಡಿದ್ರ ಗಾಡಿ ಅನಸೂದಿಲ್ಲ. ದೊರಿಸಾನಿ ಅನಸ್ತದ."

ಅಂದಿನಿಂದ ಅದರ ಹೆಸರು ದೊರೆಸಾನಿ. ಅದಕ್ಕೆ ಚಾಕರಿ ಮಾಡಲು ಅಪ್ಪನ ಜೊತೆ ನಿಂತವನು ಖಾಜಾ ಚಾಚಾ. ಚಂದ್ರಬಂಡದವನು, ಬಸ್ ಸ್ಟ್ಯಾಂಡಿನ ಹಿಂದೆ ಲಾರಿ ರಿಪೇರಿ ಮಾಡುವ ಮಿಸ್ತ್ರಿ, ಅಪ್ಪನ ಗೆಳೆಯ. ತಿರುಪು ಬಿಚ್ಚುವ ಉದ್ದನೆಯ ಪೇಚಕಸ್‌ನ ತುದಿಯನ್ನು ಎಂಜಿನ್ನಿಗಿಟ್ಟು ಹಿಡಿಕೆಯನ್ನು ಕಿವಿಗಿಟ್ಟುಕೊಂಡರೆ ಒಳಗಿನ ಬೇನೆ ಅವನಿಗೆ ಗೊತ್ತಾಗುತ್ತಿತ್ತು. ಭಾನುವಾರ ಬಂತೆಂದರೆ ಇಬ್ಬರೂ ಕೊಟ್ಟಿಗೆ ಸೇರುತ್ತಿದ್ದರು. ವಿಲಾಯತಿ ನಟ್ಟಿಗೆ ಅದನ್ನು ತಿರುಗಿಸುವ ನಮ್ಮೂರ ಪಾನಾ ಕೂಡುತ್ತಿರಲಿಲ್ಲ. ಕಮ್ಮಾರನ ಹತ್ತಿರ ಬೇರೆ ಪಾನಾ ಬಡಿಸಿಕೊಂಡು ಬಂದರು. ತೂತು ಬಿದ್ದ ತಳಕ್ಕೆ ಶೇಂಗಾ ಎಣ್ಣೆಯ ಡಬ್ಬಿ ಒಡೆದು ತಗಡು ಕೂಡಿಸಿದರು. ಸೀಟಿನೊಳಗೆ ಜಿನ್ನಿನ ಹತ್ತಿ, ಮೇಲೆ ದೊಡ್ಡಪ್ಪ ನೇಯ್ದ ಕರಿ ಕಂಬಳಿ. ಇಡೀ ಮನೆಯೇ ನಿಧಾನಕ್ಕೆ ಕಾರಿನೊಳಗೆ ಹೋಗುತ್ತಿತ್ತು, ಕಾರು ಮನೆಯೊಳಗೆ ಬರುತ್ತಿತ್ತು. ಹಿಟ್ಟು ನಾದುವ ಪರಾತದಲ್ಲಿ ಸೀಮೆಎಣ್ಣೆ ಹಾಕಿ ಬೋಲ್ಟು ನೆನೆಹಾಕಿದ ದಿನ ಅವ್ವ ರೊಟ್ಟಿ ಮಾಡಲಿಲ್ಲ. "ಅದ ಬೋಲ್ಟು ಕರದು ಉಣ್ರಿ" ಅಂದಳು. ಆದರೆ ಇಷ್ಟು ಬೈದವಳೇ, ಯಾರೂ ಇಲ್ಲದಾಗ, ತುಕ್ಕು ಹಿಡಿದ ಬಂಪರನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಾಮ್ರದ ಕೊಡದಂತೆ ತಿಕ್ಕಿ ಬೆಳಗಿದ್ದಳು. ಕೇಳಿದರೆ, "ಹೊಲಸು ಕಂಡ್ರ ಕೈ ಸುಮ್ನ ಕೂಡೂದಿಲ್ಲ, ಅದರ ಮ್ಯಾಲ ನನಗೇನ್ ಪ್ರೀತಿ ಇಲ್ಲ" ಅಂತ ಗದರಿಸಿದಳು.

ಅವ್ವನ ಸಿಟ್ಟಿಗೆ ಕಾರಣವಿತ್ತು. ಮಾನ್ವಿ ತಾಲೂಕಿನ ಚೀಕಲಪರ್ವಿ ಅವಳ ತವರು. ಅಲ್ಲಿ ಅವಳ ಅಣ್ಣ ಒಂದು ಎಮ್ಮೆಯನ್ನು "ಇದು ತಂಗಿದು" ಎಂದು ಕರುವಿದ್ದಾಗಿನಿಂದ ಸಾಕಿದ್ದ. ಅದೀಗ ಗಬ್ಬವಾಗಿತ್ತು. ನದಿಯ ದಂಡೆಯ ಹುಲ್ಲು ತಿಂದು ಮಿರಿಮಿರಿ ಮಿಂಚುವ ಎಮ್ಮೆ. ಅದನ್ನು ಕಟ್ಟಲು ನಮ್ಮ ಮನೆಯಲ್ಲಿದ್ದ ಒಂದೇ ಜಾಗದಲ್ಲಿ ದೊರೆಸಾನಿ ಕಾಲು ಚಾಚಿ ಕೂತಿದ್ದಳು. ಅವ್ವನಿಗೆ ಇಡೀ ಮನೆಯಲ್ಲಿ ತನ್ನದು ಅನ್ನುವಂಥದ್ದು ಏನೂ ಇರಲಿಲ್ಲ. ಎಮ್ಮೆ ಬಂದರೆ ಅದು ಅವಳದಾಗುತ್ತಿತ್ತು. ಹಾಲು ಅವಳದು, ಮೊಸರು ಅವಳದು, ಓಣಿಯ ಹೆಂಗಸರು ಚಂಬು ಹಿಡಿದು ಕೇಳಿಕೊಂಡು ಬರುವುದು ಅವಳ ಹತ್ತಿರ. ಆ ವರ್ಷ ಆಷಾಢದಲ್ಲಿ ಅಣ್ಣ ಹೇಳಿಕಳಿಸಿದ: ಮೇವು-ನೀರು ನೋಡೂದು ತ್ರಾಸಾಗ್ಯಾದ, ದಸರಾ ಆಗೂತ್ಲೆ ಒಯ್ಯಿ, ಇಲ್ಲಂದ್ರ ಸಣ್ಣ ತಂಗಿ ಮನಿಗೆ ಹೊಡಿಸ್ತೀನಿ. ಅವತ್ತು ಅವ್ವ ಅಪ್ಪನ ಎಡಕ್ಕೆ ನಿಂತಳು.

"ಕೇಳ್ರಿ ಇಲ್ಲಿ. ಮೂರು ವರ್ಷ ಆತು ಈಕಿ ಬಂದು. ಮಹಾನವಮಿ ದಿನ ಆಯುಧ ಪೂಜಿ ಆಗೂದರಾಗ ತನ್ನ ಉಸಿರಲೆ ತಾ ಒದರಬೇಕು. ಇಲ್ಲಂದ್ರ ಗುಜರಿಯವನ ಬಂಡಿ ಕರಸ್ರಿ."

"ಒದರಿದ್ರ?"

"ಒದರಿದ್ರ ಮುಂದಿನ ಮಾತು ಮುಂದ."

ಒದರಿದರೆ ಕೊಟ್ಟಿಗೆ ತನ್ನದೇ ಎಂದು ಅಪ್ಪ ತಿಳಿದುಕೊಂಡ. ಅವತ್ತಿನಿಂದ ಅವನಿಗೆ ಊಟ ಹೋಗದು, ನಿದ್ದೆ ಬಾರದು. ಜಿನ್ನಿನಿಂದ ಬಂದವನು ಹತ್ತಿಯ ನೂಲು ತಲೆಯ ಮೇಲಿದ್ದ ಹಾಗೇ ಕೊಟ್ಟಿಗೆಗೆ ನಡೆಯುತ್ತಿದ್ದ. ಶ್ರಾವಣದ ಮೊದಲ ಸೋಮವಾರದ ಹೊತ್ತಿಗೆ ಎಂಜಿನ್ ಪೂರಾ ಜೋಡಣೆಯಾಗಿತ್ತು. ಉಳಿದದ್ದು ನಾಲ್ಕು ತಂತಿ. ಕಿಡಿ ಹಂಚುವ ಕರಿ ಮುಚ್ಚಳವೊಂದಿರುತ್ತದಲ್ಲ, ಅದರಿಂದ ಎಂಜಿನ್ನಿನ ನಾಲ್ಕು ಸಿಲಿಂಡರಿಗೆ ಹೋಗುವ ತಂತಿಗಳು. ಚಾಚಾ ಆ ದಿನ ಯಾರದೋ ಟ್ರ್ಯಾಕ್ಟರ್ ನಿಂತಿದೆಯೆಂದು ಗಿಲ್ಲೆಸುಗೂರಿಗೆ ಹೋಗಿದ್ದ. ನಾನು ಬರುವತನಕ ಮುಟ್ಟಬೇಡಿ ಅಂದಿದ್ದ. ಸೋಮವಾರ ಬಿಟ್ಟರೆ ಶುಭದಿನವಿಲ್ಲ ಎಂದು ಅಪ್ಪ ಮುಟ್ಟಿದ.

"ಯಪ್ಪಾ, ಚಾಚಾ ಬರ್ಲಿ ತಡಿಯೋ," ಅಂದೆ ನಾನು.

"ಇದರಾಗೇನದಲೇ? ನಾಲ್ಕು ಮಂದಿ ಸಾಲಿಗೆ ಉಣ್ಣಾಕ ಕುಂತಾರ. ಮೊದಲನೆಯವನಿಂದ ಬಡಿಸಿಕೊಂತ ಹೋಗೂದು. ಪಂಕ್ತಿಯಾಗ ಒಬ್ಬನ್ನ ದಾಟಿ ಮುಂದಿನವನಿಗೆ ಬಡಿಸಿದ್ರ ಪಾಪ ಹತ್ತತದ."

ಇಪ್ಪತ್ತು ವರ್ಷ ಮಠದ ದಾಸೋಹದಲ್ಲಿ ಸಾರಿನ ಬಕೀಟು ಹಿಡಿದ ಕೈ ಅದು. ಒಂದು, ಎರಡು, ಮೂರು, ನಾಲ್ಕು ಎಂದು ಸಾಲು ತಪ್ಪದೆ ತಂತಿ ಬಡಿಸಿತು. ಆಮೇಲೆ ಬಾನೆಟ್ ಮುಚ್ಚಿ, ಅದರ ಮೇಲೆ ವಿಭೂತಿ ಎಳೆದು, ಕುಂಕುಮ ಹಚ್ಚಿ, ನನ್ನನ್ನು ಒಳಗೆ ಕೂರಿಸಿ, ತಾನು ಮುಂದೆ ಬಗ್ಗಿ ಹ್ಯಾಂಡಲ್ ಹಾಕಿದ. ಒಂದು ಸಲ ತಿರುಗಿಸಿದ. ಎರಡು ಸಲ. ಹತ್ತು ಸಲ. ದೊರೆಸಾನಿ ಏನೋ ಒಂದಿಷ್ಟು ಕೆಮ್ಮಿದಳು, ಉಗುಳಿದಳು, ಸುಮ್ಮನಾದಳು. ಅಪ್ಪನ ಬೆನ್ನಿನ ಅಂಗಿ ತೊಯ್ದು ಮೈಗೆ ಅಂಟಿತ್ತು. ನನಗೆ ಕೂತು ಕೂತು ಬೇಸರವಾಗಿತ್ತು. ಹೊಸದಾಗಿ ಬಂದ ಕೋಣದ ದನಿ ಗಂಟಲಲ್ಲಿ ತುರಿಸುತ್ತಿತ್ತು. ಹದಿಮೂರನೆಯದೋ ಹದಿನಾಲ್ಕನೆಯದೋ ಸಲ ಹ್ಯಾಂಡಲ್ ತಿರುಗಿ ಅವಳು ಕೆಮ್ಮಿದ್ದೇ ತಡ, ಆ ಕೆಮ್ಮಿನ ಬಾಲ ಹಿಡಿದು ನಾನು ಶುರು ಮಾಡಿದೆ. ಹೊಟ್ಟೆಯ ಆಳದಿಂದ ಢುರ್‍ರ್‍ರ್ ಎಂದು ಎಂಜಿನ್ ಎಬ್ಬಿಸಿ, ಎರಡೂ ಕಾಲಲ್ಲಿ ಎಣ್ಣೆ ಡಬ್ಬಿಯ ತಗಡು ಬಡಿಯುತ್ತ, ಕುಂಡಿಯಿಂದ ಸೀಟು ಕುಣಿಸುತ್ತ, ಇಡೀ ಗಾಡಿಯನ್ನು ಗಡಗಡ ನಡುಗಿಸಿದೆ. ನನ್ನ ಲೆಕ್ಕ ಇಷ್ಟೇ: ಅಪ್ಪ ತಲೆ ಎತ್ತುತ್ತಾನೆ, ನನ್ನ ಬಾಯಿ ನೋಡುತ್ತಾನೆ, ರುಮಾಲು ಬಿಚ್ಚಿ ಬೆನ್ನಟ್ಟುತ್ತಾನೆ, ಇಬ್ಬರೂ ನಗುತ್ತೇವೆ.

ಅಪ್ಪ ತಲೆ ಎತ್ತಲಿಲ್ಲ. ಹ್ಯಾಂಡಲ್ ಬಿಟ್ಟು ಅಲ್ಲೇ ನೆಲಕ್ಕೆ ಕೂತ. ಗಾಬರಿಯಾಗಿ ನಾನು ನಿಲ್ಲಿಸಿದೆ. ಬಾಗಿಲಿನಿಂದ ಇಣುಕಿದರೆ, ಅವನು ದೊರೆಸಾನಿಯ ಮೂಗಿನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ರುಮಾಲಿನ ತುದಿ ಹಿಡಿದು ಕಣ್ಣು ಒರೆಸಿಕೊಳ್ಳುತ್ತಿದ್ದ.

"ಕೇಳ್ದೇನಲೇ ಬೀರ್‍ಯಾ? ಒದರಿದಳು. ಖರೇನ ಒದರಿದಳು."

ಬೀರಪ್ಪನೆಂಬ ನಾನು, ಊರವರೆಲ್ಲರ ದನಿ ಬಲ್ಲ ನಾನು, "ಹೌದು" ಅಂದದ್ದು ಯಾರ ದನಿಯಲ್ಲಿ ಎಂದು ಈವತ್ತಿಗೂ ಗೊತ್ತಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಯಾವಾಗಲೋ ನಿಂತಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಮೊದಲು ನನ್ನ ಮುಖ ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

"ಹೌದ್ರಿ, ನನಗೂ ಕೇಳಿಸ್ತು," ಅಂದಳು. "ಹಬ್ಬದ ದಿನ ನಾಲ್ಕು ಮಂದಿ ಮುಂದ ಒದರಲಿ, ಆಗ ಒಪ್ತೀನಿ. ಈಗ ಏಳ್ರಿ, ಮಾರಿ ತೊಳಕೋರಿ."

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಹೋಯಿತು. ಚಾಚಾ ಬಂದೊಡನೆ ಅಪ್ಪ ಕೈ ಕಾಲು ಕುಣಿಸಿ ಹೇಳಿದ. ಚಾಚಾ ಗಡ್ಡ ಕೆರೆದುಕೊಂಡು ಯೋಚಿಸಿದ: ಒಮ್ಮೆ ಓಡಿದೆ ಅಂದಮೇಲೆ ಕಿಡಿ ಸರಿ ಇದೆ, ತಂತಿ ಸರಿ ಇದೆ, ಓಡಿ ನಿಂತಿದೆ ಅಂದರೆ ಪೆಟ್ರೋಲ್ ಮುಟ್ಟುತ್ತಿಲ್ಲ. ಲೆಕ್ಕ ಬರೋಬ್ಬರಿ ಇತ್ತು, ನನ್ನ ಬಾಯೊಂದನ್ನು ಅದರಲ್ಲಿ ಹಿಡಿದಿರಲಿಲ್ಲ ಅಷ್ಟೆ. ಹೀಗೆ ಪೆಟ್ರೋಲಿನ ಬೇಟೆ ಶುರುವಾಯಿತು. ಟ್ಯಾಂಕ್ ಇಳಿಸಿದರು, ತೊಳೆದರು. ಕೊಳವೆಗಳನ್ನು ಊದಿದರು. ಪೆಟ್ರೋಲ್ ಎಳೆಯುವ ಪಂಪು ಹಲ್ಲಿ ಲೊಚಗುಟ್ಟಿದಂತೆ ಟಕ್ ಟಕ್ ಎನ್ನುತ್ತ ಚಂದ ಕೆಲಸ ಮಾಡುತ್ತಿತ್ತು. ಅದನ್ನೂ ಬಿಚ್ಚಿ ಪರಾತಕ್ಕೆ ಹಾಕಿದರು. ಶ್ರಾವಣ ಮುಗಿಯಿತು, ಗಣಪತಿ ಬಂದು ಹೋದ, ನವರಾತ್ರಿಯ ಘಟ ಕೂತಿತು. ಪ್ರತಿ ಭಾನುವಾರ ಹ್ಯಾಂಡಲ್ ತಿರುಗಿಸಿದಾಗಲೂ ಅವಳು ಅದೇ ರೀತಿ ಕೆಮ್ಮಿ ಸುಮ್ಮನಾಗುತ್ತಿದ್ದಳು. ನಾನು ಅವರಿಗೆ ಚಹಾ ಕೊಡುವಾಗ ನಗಿಸುತ್ತಿದ್ದೆ, ಹೆಡ್‌ಮಾಸ್ತರರನ್ನು ಮಾಡುತ್ತಿದ್ದೆ, ಅಯ್ಯನವರನ್ನು ಮಾಡುತ್ತಿದ್ದೆ. ಅಷ್ಟು ನಗಿಸಿದ್ದು ನನ್ನ ಜೀವಮಾನದಲ್ಲೇ ಇಲ್ಲ.

ಮಹಾನವಮಿಗೆ ಇನ್ನು ನಾಲ್ಕು ದಿನ. ಮಧ್ಯಾಹ್ನ ಊಟವಾದ ಮೇಲೆ ಕೊಟ್ಟಿಗೆಗೆ ಹೋದರೆ, ಚಾಚಾ ಪರಾತದ ಮುಂದೆ ಸುಮ್ಮನೆ ಕೂತಿದ್ದ. ಅಪ್ಪ ಹಿಂದಿನ ಸೀಟಿನಲ್ಲಿ ಮೊಣಕಾಲೂರಿ ಸೂಜಿಯ ತುದಿಯಿಂದ ಕಂಬಳಿಯ ಹೊಲಿಗೆ ಬಿಚ್ಚುತ್ತಿದ್ದ.

"ಸಾಕು ಖಾಜಾ ಭೈ. ಗುಜರಿಯವನಿಗೆ ನಾನ ಹೋಗಿ ಹೇಳಿ ಬರ್ತೀನಿ. ಅಣ್ಣ ನೇಯ್ದ ಕಂಬಳಿ, ಅದೊಂದು ಮನ್ಯಾಗ ಇರ್ಲಿ."

ಹೊಲಿಗೆ ಒಂದೊಂದೇ ಟಿಕ್ಕೆಂದು ಬಿಚ್ಚುವ ಸದ್ದು ನನಗೆ ತಡೆಯಲಾಗಲಿಲ್ಲ. ಬಾಯಿ ತೆರೆದೆ. ಹೊರಟದ್ದು ಹೆಡ್‌ಮಾಸ್ತರರ ಮೂಗಿನ ದನಿ: "ಮಾನ್ಯರೇ, ನಾನೊಂದು ಅಪರಾಧ ಮಾಡಿದ್ದೇನೆ." ಚಾಚಾ ನಕ್ಕ. ಮತ್ತೆ ತೆರೆದೆ. ಆಕಳಿಸುತ್ತ ಬಂದವರು ಅಯ್ಯನವರು. ಅಪ್ಪನೂ ನಕ್ಕ, "ಹೋಗಲೇ, ಈಗ ಆಟ ಬ್ಯಾಡ" ಅಂದ. ಮೂರನೆಯ ಸಲ, ಪೀಪಿಯೂ ಅಲ್ಲದ ಕೋಣವೂ ಅಲ್ಲದ, ನಡುವೆ ಎರಡು ಕಡೆ ಒಡೆದ, ಯಾರದೂ ಅಲ್ಲದ ಒಂದು ದನಿಯಲ್ಲಿ ಅಂದೆ:

"ಯಪ್ಪಾ, ಅವತ್ತು ಗಾಡಿ ಒದರಲಿಲ್ಲ. ನಾ ಒದರಿದೆ."

ಅಪ್ಪನಿಗೆ ಕೇಳಿಸಲಿಲ್ಲ ಎಂದು ಎಡಕ್ಕೆ ಹೋಗಿ ಇನ್ನೊಮ್ಮೆ ಹೇಳಬೇಕಾಯಿತು. ಒಂದೇ ತಪ್ಪನ್ನು ಎರಡು ಸಲ ಒಪ್ಪಿಕೊಳ್ಳುವುದು ಎಷ್ಟು ಕಷ್ಟವೆಂದು ಕಿವುಡರ ಮಕ್ಕಳಿಗೇ ಗೊತ್ತು. ಅವನು ಹೊಡೆಯಲಿಲ್ಲ. ಸೂಜಿ ಕಂಬಳಿಗೆ ಚುಚ್ಚಿಟ್ಟ. "ಕುಂಕುಮ ಹಚ್ಚಿದ್ನೆಲ್ಲೋ ನಾನು," ಅಂದ, ಅಷ್ಟೆ. ಇಳಿದು ಹೋಗಿ ಗೋದಲಿಯ ಕಟ್ಟೆಯ ಮೇಲೆ ನನಗೆ ಬೆನ್ನು ಹಾಕಿ ಕೂತ. ಪಡಸಾಲೆಯಿಂದ ಅವ್ವನ ದನಿ ಬಂತು.

"ಈಗಾದ್ರೂ ಬಾಯಿ ಬಿಟ್ಟೆಲ್ಲ, ಪುಣ್ಯಾ. ನನಗ ಅವತ್ತ ಗೊತ್ತಾಗಿತ್ತು. ಗಾಡಿ ಒದರೂದು ನಡುವ ಬಿಟ್ಟು ಉಸಿರು ತಗೊಂತದೇನು?"

"ಗೊತ್ತಿದ್ದು ಯಾಕ ಹೇಳಲಿಲ್ಲ ಭಾಭಿ?" ಅಂದ ಚಾಚಾ.

"ಹೆಂಗ ಹೇಳ್ಲಿ? ಆ ಮಾರಿ ನೋಡಿದ್ದಿಲ್ಲ ನೀವು."

ಆಮೇಲೆ ಚಾಚಾ ಕೈ ಒರೆಸಿಕೊಂಡು ನನ್ನನ್ನು ಹತ್ತಿರ ಕರೆದ. ಅವನ ಮುಖದಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು, ವಾಸನೆ ಹತ್ತಿದ ನಾಯಿಯ ಹಾಗೆ.

"ಇಧರ್ ಆ ಮಿಯಾ. ನಿನ್ನ ಆವಾಜ್ ಬಿಡು. ನೀ ಬಾಯಿ ಹಾಕೂಕಿಂತ ಮೊದಲು ಗಾಡಿ ತಾ ಏನಂತು? ಅದನ್ನ ಮಾಡು. ಒಂದು ಕೂದಲು ಹೆಚ್ಚು ನಕ್ಕೋ, ಒಂದು ಕೂದಲು ಕಡಿಮಿನೂ ಬ್ಯಾಡ."

ಎರಡು ತಿಂಗಳಿಂದ ಪ್ರತಿ ಭಾನುವಾರ ಕೇಳಿದ ಕೆಮ್ಮು ನನ್ನ ಗಂಟಲಲ್ಲಿ ಅಚ್ಚು ಹೊಡೆದ ಹಾಗೆ ಕೂತಿತ್ತು. ಅದನ್ನು ಯಾರೂ ಮಾಡು ಎಂದು ಕೇಳಿರಲಿಲ್ಲ, ಮಾಡಿದರೆ ನಗುವಂಥದ್ದೂ ಆಗಿರಲಿಲ್ಲ. ಮಾಡಿದೆ. ಒಂದು ಗಟ್ಟಿ ಢಬ್. ಆಮೇಲೆ ಫಸಕ್. ಫಸಕ್. ಫಟ್. ಚಾಚಾ ಕಣ್ಣು ಮುಚ್ಚಿದ. "ಫಿರ್ ಸೇ" ಅಂದ. ಮತ್ತೆ ಮಾಡಿದೆ. ಮೂರನೆಯ ಸಲಕ್ಕೆ ಅವನ ಬೆರಳು ಗಾಳಿಯಲ್ಲಿ ಎಣಿಸತೊಡಗಿದವು.

"ನಾಲ್ಕು ಮಂದ್ಯಾಗ ಒಬ್ಬಾವ ಉಣ್ಣಾಕತ್ತಾನ, ಮೂರು ಮಂದಿ ಉಗುಳಾಕತ್ತಾರ. ಗುಮಾಸ್ತರ್ ಸಾಬ್, ಈ ತಂತಿ ಹೆಂಗ ಹಚ್ಚೀರಿ?"

ಅಪ್ಪ ತಿರುಗದೆಯೇ ಹೇಳಿದ. "ಹೆಂಗಂದ್ರ? ಸಾಲಿಗೆ. ಒಂದು, ಎರಡು, ಮೂರು, ನಾಲ್ಕು."

ಚಾಚಾ ಹಣೆ ಹಣೆ ಬಡಿದುಕೊಂಡ. "ಯಾ ಅಲ್ಲಾ! ಗಾಡಿ ಓಡ್ಯದ ಅಂದಮ್ಯಾಲ ತಂತಿ ಯಾಕ ನೋಡ್ಲಿ ಅಂತ ನಾನೂ ಬಿಟ್ಟೆ. ಅರೇ ಭೈ, ಇದು ನಿಮ್ಮ ಮಠದ ಪಂಕ್ತಿ ಅಲ್ಲ, ಇಂಗ್ರೇಜಿ ಪಂಕ್ತಿ. ಮೊದಲನೇದಕ್ಕ ಬಡಿಸಿ ಮೂರನೇದಕ್ಕ ಹೋಗ್ಬೇಕು, ಆಮ್ಯಾಲ ನಾಲ್ಕನೇದಕ್ಕ, ಕಡೀಕ ಎರಡನೇದಕ್ಕ."

ಈಗ ಅಪ್ಪ ತಿರುಗಿದ. ದುಃಖವೆಲ್ಲ ಎಲ್ಲಿ ಹೋಯಿತೋ, ಅವನ ಮುಖ ಸಿಟ್ಟಿಗೆ ಕೆಂಪಾಗಿತ್ತು.

"ಎರಡನೇದಾಂವ ನಡುವ ಕುಂತು ಎಲ್ಲಾರೂ ಉಣ್ಣೂದು ನೋಡ್ಕೊಂತ ಕಡೀತನ ಹಸ್ದಿರಬೇಕೇನು?"

"ಹೌ. ಹಂಗ ಅದ ಅವರ ರಿವಾಜು."

"ಅದಕ್ಕ ಅವರ ರಾಜ್ಯ ಹೋತು," ಅಂದ ಅಪ್ಪ.

ಆದರೆ ಎದ್ದು ಬಂದ. ಬಾನೆಟ್ ಎತ್ತಿದ. ಮೂರು ತಂತಿಗಳನ್ನು ಕಿತ್ತು ಚಾಚಾ ಹೇಳಿದ ಹಾಗೆ ಚುಚ್ಚಿದ, ಎರಡನೆಯದನ್ನು ಚುಚ್ಚುವಾಗ ಅದಕ್ಕೆ ಏನೋ ಸಮಾಧಾನ ಹೇಳಿದಂತಿತ್ತು. ಕೂಡಲೇ ಹ್ಯಾಂಡಲ್ ಹಾಕೋಣವೆಂದರೆ ಪಂಪು ಮೂವತ್ತು ತುಂಡಾಗಿ ಪರಾತದಲ್ಲಿತ್ತು. ಅದನ್ನು ಜೋಡಿಸಲು ಇನ್ನು ನಾಲ್ಕೇ ದಿನ. ಆ ನಾಲ್ಕು ದಿನ ಅಪ್ಪ ನನ್ನ ಕಡೆಗೆ ಬಲಗಿವಿ ತಿರುಗಿಸಿ ಕೂತು ಕೆಲಸ ಮಾಡಿದ. ಪಕ್ಕದಲ್ಲೇ ನಾನಿದ್ದರೂ, "ಖಾಜಾ ಭೈ, ಆ ಎಂಜಿನ್ನಿಗೆ ಸಣ್ಣ ಪಾನಾ ಕೊಡಾಕ ಹೇಳು" ಎನ್ನುತ್ತಿದ್ದ. ಎಂಜಿನ್ ಅಂದರೆ ನಾನು. ನಾನು ತುಟಿ ಬಿಚ್ಚದೆ ಪಾನಾ ಕೊಟ್ಟೆ, ದೀಪದ ಚಿಮಣಿ ಒರೆಸಿದೆ, ಬಿಚ್ಚಿದ ಕಂಬಳಿಯನ್ನು ಮತ್ತೆ ಹೊಲಿದೆ. ನನ್ನ ಹೊಲಿಗೆ ಈಗಲೂ ಗುರುತು ಸಿಗುತ್ತದೆ, ಅಷ್ಟು ಸೊಟ್ಟ.

ಮಹಾನವಮಿಯ ಬೆಳಿಗ್ಗೆ ಕುಡಗೋಲು, ಕೊಡಲಿ, ಪಾನಾ, ಹ್ಯಾಂಡಲ್ ಎಲ್ಲಕ್ಕೂ ಚೆಂಡುಹೂವು ಏರಿಸಿ ಪೂಜೆಯಾಯಿತು. ಕೊಟ್ಟಿಗೆಯ ದೊಡ್ಡ ಬಾಗಿಲು ತೆಗೆದರು. ಓಣಿಯ ಮಂದಿ ಬಂದು ಸಾಲಾಗಿ ನಿಂತರು. ಚಾಚಾ ಒಳಗೆ ಕೂತ, ಅಪ್ಪ ಮುಂದೆ ಬಗ್ಗಿದ. ಆಗ ಅವ್ವ ಒಂದು ಚಂಬು ನೀರು ತಂದು ನನ್ನ ಕೈಗಿತ್ತಳು.

"ಬಾಯಿ ತುಂಬ ಹಾಕ್ಕೋ. ನುಂಗಬ್ಯಾಡ, ಉಗುಳಬ್ಯಾಡ. ಎಲ್ಲಾರಿಗೂ ಕಾಣೂ ಹಂಗ ಆ ಗೂಟದ ಹಂತೇಲಿ ನಿಲ್ಲು."

ಗಲ್ಲ ಎರಡೂ ಕಪ್ಪೆಯಂತೆ ಉಬ್ಬಿಸಿಕೊಂಡು ನಿಂತೆ. ಓಣಿಯ ಹುಡುಗಿಯರೆಲ್ಲ ಎಂಜಿನ್ ಬಿಟ್ಟು ನನ್ನನ್ನೇ ನೋಡಿ ನಗುತ್ತಿದ್ದರು. ಮೊದಲ ಸಲ ತಿರುಗಿಸಿದಾಗ ಏನೂ ಆಗಲಿಲ್ಲ. ಎರಡನೆಯ ಸಲ ಒಂದು ಸಣ್ಣ ನಡುಕ. ಮೂರನೆಯ ಸಲಕ್ಕೆ ಕೊಟ್ಟಿಗೆಯ ಮಾಳಿಗೆಯಿಂದ ಮಣ್ಣು ಉದುರಿತು. ದೊರೆಸಾನಿ ಹಿಂದಿನಿಂದ ನೀಲಿ ಹೊಗೆ ಬಿಟ್ಟು, ಗಂಟಲು ಸರಿಪಡಿಸಿಕೊಂಡು, ತನ್ನದೇ ದನಿಯಲ್ಲಿ ಗಡಗಡ ಎದ್ದಳು. ಅಪ್ಪ ತಲೆ ಎತ್ತದೆ, ಬಗ್ಗಿದಲ್ಲಿಂದಲೇ ಚೀರಿದ.

"ಬೀರ್‍ಯಾ, ಸಾಕು ಮಾಡಲೇ! ಇನ್ನೆಷ್ಟು ಸಲ ಆಡಸ್ತೀ ನನ್ನ!"

ನಾನು ಅವನ ಎದುರಿಗೇ ನಿಂತಿದ್ದೆ. ಅವನು ತಲೆ ಎತ್ತಿದ, ನನ್ನ ಉಬ್ಬಿದ ಗಲ್ಲ ನೋಡಿದ, ಗಾಡಿ ನೋಡಿದ, ಮತ್ತೆ ಗಲ್ಲ ನೋಡಿದ. ನನಗೆ ತಡೆಯಲಾಗಲಿಲ್ಲ. ನಗು ಬಂದು ಬಾಯಲ್ಲಿದ್ದ ನೀರೆಲ್ಲ ಅವನ ಹಬ್ಬದ ಬಿಳಿ ಧೋತರದ ಮೇಲೆ ಹೋಯಿತು. ಗಾಡಿ ನಿಲ್ಲಲಿಲ್ಲ. ಚಾಚಾ ಹಾರ್ನ್ ಹೊಡೆದ, ಮಂದಿ ಕೂಗಿದರು. ಅಪ್ಪ ಒದ್ದೆ ಧೋತರ ಹಿಂಡುತ್ತ, ದೊರೆಸಾನಿಯ ಕಡೆಗೆ ಎಡಗಿವಿ ಕೊಟ್ಟು ಬಹಳ ಹೊತ್ತು ಕೇಳಿದ. ನಾಲ್ಕು ದಿನದ ಮೇಲೆ ಮೊದಲ ಸಲ ನೇರ ನನಗೇ ಹೇಳಿದ:

"ನಿನ್ನ ಗಾಡಿ ಇದಕ್ಕಿಂತ ನೆಟ್ಟಗ ಓಡಿತ್ತಲ್ಲೋ."

ಮರುದಿನ ಬನ್ನಿ ಕೊಡಲು ಅವ್ವನ ತವರಿಗೆ ಹೊರಟೆವು. ಚಾಚಾ ಚಕ್ರ ಹಿಡಿದ, ಅಪ್ಪ ಅವನ ಪಕ್ಕ ರುಮಾಲು ಸುತ್ತಿ ಕೂತ, ಹಿಂದೆ ಕಂಬಳಿಯ ಮೇಲೆ ಅವ್ವ, ನಾನು, ಒಂದು ಬುಟ್ಟಿ ಹೋಳಿಗೆ. ಮಾನ್ವಿಯಲ್ಲಿ ತಿರುವು ಬಂದಾಗ ಕಂಬದ ಪುಟ್ಟ ಕೈ ತಾನಾಗಿ ಹೊರಗೆ ಬಂತು, ಒಳಗೆ ಮಾತ್ರ ಹೋಗಲೊಲ್ಲದು. ಊರು ದಾಟುವತನಕ ದೊರೆಸಾನಿ ಎಲ್ಲರಿಗೂ ಕೈ ತೋರಿಸುತ್ತಲೇ ನಡೆದಳು, ಮಂದಿಯೂ ನಕ್ಕು ತಿರುಗಿ ಕೈ ತೋರಿಸಿದರು. ಅವ್ವ ಮೊದಲು ಎರಡೂ ಕೈಯಲ್ಲಿ ಸೀಟು ಬಿಗಿಯಾಗಿ ಹಿಡಿದಿದ್ದವಳು, ಹೊಲಗಳು ಶುರುವಾದ ಮೇಲೆ ಕಿಟಕಿಯ ಗಾಜು ಇಳಿಸಿ ಮುಖವನ್ನು ಗಾಳಿಗೆ ಕೊಟ್ಟಳು. ಸೆರಗು ಹಾರಿದರೂ ಹಿಡಿಯಲಿಲ್ಲ. ಚೀಕಲಪರ್ವಿಯಲ್ಲಿ ಮಾವನ ಮನೆಯ ಅಂಗಳಕ್ಕೆ ಕಾರು ಬಂದು ನಿಂತಾಗ ಊರೇ ಕೂಡಿತು. ಅವ್ವ ಇಳಿದವಳು ಯಾರಿಗೂ ಬನ್ನಿ ಕೊಡದೆ, ಸೀದಾ ಎಮ್ಮೆಯ ಹತ್ತಿರ ಹೋಗಿ ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಂತಳು. ಒಳಗಿನ ಕರು ಒದ್ದಿರಬೇಕು, ಅವಳ ಮುಖ ಅರಳಿತು. ಮಾವ ಕಾರನ್ನು ಸುತ್ತಿ ನೋಡಿ, ಮೀಸೆಯಲ್ಲೇ ನಕ್ಕ.

"ಏನವ್ವಾ ತಂಗಿ, ಗಾಡಿ ಒದರಿತು, ನಿನ್ನ ಗಂಡ ಗೆದ್ದ. ಹಂಗಾದ್ರ ಎಮ್ಮಿ ಸಣ್ಣಾಕಿ ಮನಿಗೆ ಹೊಡಿಸಿಬಿಡ್ಲೇನು?"

ಅಪ್ಪ ರುಮಾಲು ಸರಿಮಾಡಿಕೊಂಡು, ಗೆದ್ದವರ ದೊಡ್ಡತನದಿಂದ ಅಂದ: "ಇನ್ನೇನ್ ಮಾಡೂದ್ರಿ? ನನಗೂ ಕೆಡಕ ಅನಸ್ತದ. ಇರೂದೊಂದು ಕೊಟ್ಟಿಗಿ. ಬಿಸಿಲಿಗೆ ಮಳಿಗೆ ಗಾಡೀನ ಹೊರಗ ನಿಲ್ಲಸಾಕ ಬರ್ತದೇನು?"

ಅವ್ವ ಎಮ್ಮೆಯ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ತಿರುಗಿಯೂ ನೋಡಲಿಲ್ಲ.

"ಕಾಲು ಮುರಕೊಂಡು ಬಿದ್ದಾಗ ಒಳಗ ಇಟ್ಟು ಬಾಣಂತಿತನ ಮಾಡಿದ್ವಿ, ಆತಲ್ರಿ. ಈಗ ನಡಿಯಾಕ ಬಂದದ. ನಡಿಯೂದು ಹೊರಗ ನಿಲ್ಲಲಿ, ಈಯೂದು ಒಳಗ ಬರ್ಲಿ. ಅಣ್ಣಾ, ಹಗ್ಗ ಬಿಚ್ಚು."